ಬೇಲಿಯ ಹೊರಗುಳಿದ ಅಜ್ಜ

ಏಳುವವರು ಈಗಲೇ ಎದ್ದು ಹೋಗಿಬಿಡಿ. ನಡುವೆ ಎದ್ದರೆ ಆ ಕತ್ತಲಲ್ಲಿ ಒಬ್ಬರೇ ಹೋಗಬೇಕಾಗುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಇದು ಎಲ್ಲೋ ಓದಿದ್ದಲ್ಲ. ಮಲೇಷ್ಯಾದ ಇಪೋದಲ್ಲಿ ನಮ್ಮ ಪಕ್ಕದ ಮನೆಯ ಕೀ ಮೆಂಗ್‌ಗೆ ಆದದ್ದು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನು ಕೆಮ್ಮಿದರೆ ನನ್ನ ಕಾಫಿ ಲೋಟ ಅಲುಗುತ್ತಿತ್ತು.

ಆ ರಾತ್ರಿ ಕೀ ಮೆಂಗ್ ಒಬ್ಬನೇ ಬೇಲಿಯ ಹೊರಗಡೆ ನಡೆಯುತ್ತಿದ್ದ. ಎಡಕ್ಕೆ ಹೊಸ ಸಗಟು ತರಕಾರಿ ಮಾರುಕಟ್ಟೆಯ ಎತ್ತರದ ಬೇಲಿ. ಬಲಕ್ಕೆ ತವರದ ಗಣಿ ಮುಚ್ಚಿದ ಮೇಲೆ ಉಳಿದ ಕೆರೆ, ಕಪ್ಪಗೆ. ಎದುರಿಗೆ ಆಲದ ಮರ. ಅದರ ಬುಡದಲ್ಲಿ ಮೊಣಕಾಲೆತ್ತರದ ಕೆಂಪು ಗುಡಿ. ಗುಡಿಯೊಳಗೆ ತಲೆಗೆ ಕರಿ ಟೋಪಿ ಹಾಕಿ, ಚೌಕುಳಿ ಲುಂಗಿ ಉಟ್ಟು ಕೂತ ಮುದುಕನ ಮೂರ್ತಿ... ದಾತುಕ್. ಅಜ್ಜ ಅಂತ. ಆ ಊರಲ್ಲಿ ಪ್ರತಿ ನೆಲಕ್ಕೂ ಒಬ್ಬ ಅಜ್ಜ ಇರುತ್ತಾನೆ, ಆ ನೆಲ ಕಾಯುವವನು. ಅವನಿಗೆ ವೀಳ್ಯದೆಲೆ ಇಡಬೇಕು, ಎಲೆ ಸುತ್ತಿದ ಬೀಡಿ ಇಡಬೇಕು, ಸಾಂಬ್ರಾಣಿ ಹಾಕಬೇಕು. ಹಂದಿಮಾಂಸ ತಿಂದ ಬಾಯಲ್ಲಿ ಹತ್ತಿರ ಸುಳಿಯಬಾರದು. ನೆಲ ಅಗೆಯುವುದಿದ್ದರೆ, ಗಡಿ ಬದಲಾಯಿಸುವುದಿದ್ದರೆ ಮೊದಲು ಅವನನ್ನು ಕೇಳಬೇಕು. ಕೇಳಿ, ಎರಡು ಕಾಸು ಚಿಮ್ಮಬೇಕು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಒಪ್ಪಿದ ಅಂತ.

ಇಷ್ಟೂ ಕೀ ಮೆಂಗ್‌ಗೆ ಗೊತ್ತಿತ್ತು. ಅದು ನೆನಪಿರಲಿ ನಿಮಗೆ.

ಅವನ ಕೆಲಸವೇ ಬೇಲಿಯದು. ಗುಂಡಿ ತೋಡುವುದಲ್ಲ ಮತ್ತೆ! ಗೋದಾಮು, ಆಸ್ಪತ್ರೆ, ಮಾರುಕಟ್ಟೆ, ಇಂಥ ಜಾಗಗಳಿಗೆ ಸುತ್ತುಕಾವಲು ಹೇಗಿರಬೇಕೆಂದು ಯೋಜನೆ ಹಾಕುವ ಕಂಪನಿಯಲ್ಲಿ ಅವನು ಹಳೆಯ ತಲೆ. ಬೇಲಿ ಎಲ್ಲಿ ಹಾಯಬೇಕು, ಒಂದು ಕ್ಯಾಮೆರಾದ ಕಣ್ಣು ಸೋಲುವ ಕಡೆ ಇನ್ನೊಂದರ ಕಣ್ಣು ಹೇಗೆ ಹಿಡಿಯಬೇಕು, ಲಾರಿ ನುಗ್ಗಿಸುವವನನ್ನು ತಡೆಯಲು ಕಬ್ಬಿಣದ ಗೂಟ ಎಲ್ಲಿ ನೆಡಬೇಕು... ಒಂದು ಜಾಗದ ಸುತ್ತ ನಡೆದು ಬಂದನೆಂದರೆ ಕಳ್ಳ ಎಲ್ಲಿಂದ ಬರುತ್ತಾನೆಂದು ಕಳ್ಳನಿಗಿಂತ ಮೊದಲೇ ಅವನಿಗೆ ತಿಳಿಯುತ್ತಿತ್ತು. ಕಂಪನಿಯ ಯಜಮಾನ ಊಟಕ್ಕೆ ಕೂತಾಗ ಕೋಳಿಯ ತೊಡೆ ತೆಗೆದು ತಾನೇ ಕೀ ಮೆಂಗನ ಬಟ್ಟಲಿಗೆ ಹಾಕುತ್ತಿದ್ದ. ವರ್ಷಗಟ್ಟಲೆ ಹಾಕಿದ್ದ. ಮುಖ್ಯ ಯೋಜಕನ ಕುರ್ಚಿ ಖಾಲಿಯಾದಾಗ ಅದು ತನ್ನದೇ ಎಂದು ಕೀ ಮೆಂಗ್ ಹೆಂಡತಿಗೆ ಹೇಳಿ ಹೊಸ ಅಂಗಿ ಹೊಲಿಸಿಕೊಂಡಿದ್ದ.

ಆಗ ಬಂದ ಯಿಕ್ ಲೂನ್. ಮೆಲ್ಬರ್ನ್‌ನಲ್ಲಿ ಓದಿ ಬಂದವನು. ಬಿಳಿ ಹಲ್ಲು, ಮೃದು ಮಾತು. ಕಾವಲಿನವರ ಮಕ್ಕಳ ಹೆಸರು ಕೂಡ ಗೊತ್ತು. ಅಯ್ಯೋ, ಕೆಟ್ಟವನಾಗಿದ್ದರೆ ದ್ವೇಷಿಸುವುದು ಎಷ್ಟು ಸುಲಭ! ಇವನು ಒಳ್ಳೆಯವನು. ಕೀ ಮೆಂಗನ ಹೆಂಡತಿ ಸ್ಯೂ ಲಾನ್ ಕೂಡ ಒಂದು ದಿನ ಅಂದುಬಿಟ್ಟಳು, "ಆ ಹುಡುಗ ಎಷ್ಟು ಚೆನ್ನಾಗಿ ನಗ್ತಾನೆ ನೋಡ್ರೀ." ಅವತ್ತು ಕೀ ಮೆಂಗ್ ಊಟ ಬಿಟ್ಟು ಎದ್ದ.

ಮಾರುಕಟ್ಟೆಯ ಕೆಲಸ ಬಂದಾಗ ಯಜಮಾನ ಇಬ್ಬರಿಗೂ ನಕ್ಷೆ ಬರೆಯಲು ಹೇಳಿದ. ಕೀ ಮೆಂಗ್ ಆಲದ ಮರವನ್ನು ಬಳಸಿ ಹೊಟ್ಟೆ ಉಬ್ಬಿದ ಹಾಗೆ ಬೇಲಿ ಬರೆದ. ಮರ, ಗುಡಿ ಎರಡೂ ಒಳಗೆ. ಯಿಕ್ ಲೂನ್ ಒಂದೇ ನೇರ ಗೆರೆ ಎಳೆದ. ಮರ ಹೊರಗೆ, ಬೇಲಿಗೆ ತಗಲದಷ್ಟು ದೂರದಲ್ಲಿ. ಕೊಂಬೆ ಹಿಡಿದು ಯಾರೂ ಒಳಗೆ ಜಿಗಿಯದ ಹಾಗೆ.

"ನೇರ ಬೇಲಿ ಇರೋವಾಗ ಈ ಬಸುರಿ ಬೇಲಿ ಯಾಕಯ್ಯಾ ಕೀ ಮೆಂಗ್?" ಅಂದ ಯಜಮಾನ. ಎಲ್ಲರೂ ನಕ್ಕರು. ಅವತ್ತು ಕೋಳಿಯ ತೊಡೆ ಯಿಕ್ ಲೂನನ ಬಟ್ಟಲಿಗೆ ಬಿತ್ತು.

ಊಟ ಮುಗಿದ ಮೇಲೆ ಯಿಕ್ ಲೂನ್ ತಾನಾಗಿಯೇ ಬಂದ. ಕೈಯಲ್ಲಿ ನಕ್ಷೆ. ದನಿ ತಗ್ಗಿಸಿ ಕೇಳಿದ:

"ಅಣ್ಣಾ, ಒಂದು ಮಾತು. ಆ ಗುಡಿ ಹೊರಗೆ ಉಳಿಯುತ್ತಲ್ಲ... ಪರವಾಗಿಲ್ವಾ? ನಮ್ಮನೇಲಿ ಚರ್ಚಿಗೆ ಹೋಗೋರು, ನನಗಿದೆಲ್ಲ ಗೊತ್ತಾಗಲ್ಲ. ಯಾರನ್ನಾದ್ರೂ ಕೇಳ್ಬೇಕಾ?"

ಕೀ ಮೆಂಗ್ ಹಲ್ಲುಕಡ್ಡಿ ಆಡಿಸುತ್ತ ಅವನ ಮುಖ ನೋಡಿದ. ಆ ನಗು ನೋಡಿದ.

"ಏನಾಗಲ್ಲ ಬಿಡು," ಅಂದ.

ಇಷ್ಟೇ ನೋಡಿ. ಎರಡು ಮಾತು.

ಬೇಲಿ ಎದ್ದಿತು. ಮಾರನೆಯ ಸಂಜೆ ಯಜಮಾನ, ಮಾರುಕಟ್ಟೆಯವರು ಎಲ್ಲ ಬಂದು ದೀಪ ಹೊತ್ತಿಸಿ ಪರೀಕ್ಷೆ ಮಾಡುವುದು, ಒಪ್ಪಿಗೆಯಾದರೆ ಕುರ್ಚಿ ಯಿಕ್ ಲೂನನದು. ಅದಕ್ಕೇ ಹಿಂದಿನ ರಾತ್ರಿ ಕೀ ಮೆಂಗ್ ಒಬ್ಬನೇ ಹೋದದ್ದು. ಒಂದು ತೂತು ಸಿಕ್ಕರೆ ಸಾಕಿತ್ತು. ಒಂದೇ ಒಂದು ಕತ್ತಲ ಮೂಲೆ.

ಸಿಗಲಿಲ್ಲ. ಹೆಜ್ಜೆ ಇಟ್ಟ ಕಡೆಯಲ್ಲೆಲ್ಲ ಮೇಲೆ 'ಟಕ್' ಎಂದು ಶಬ್ದ, ದೀಪ ಹೊತ್ತಿಕೊಳ್ಳುವುದು, 'ಝೀ...' ಎಂದು ಅದರ ಸಣ್ಣ ಗುಂಯ್ಗುಡುವಿಕೆ. ಹಿಂದೆಯೇ ಕ್ಯಾಮೆರಾ 'ಸುಯ್' ಎಂದು ಕತ್ತು ತಿರುಗಿಸುವುದು. ಕುಕ್ಕರಗಾಲಲ್ಲಿ ಹೋದ. ಟಕ್. ಬೇಲಿಗೆ ಮೈ ಒತ್ತಿಕೊಂಡು ಹೋದ. ಟಕ್. ಹುಡುಗ ಒಳ್ಳೆಯ ಕೆಲಸ ಮಾಡಿದ್ದ. ತಾನೇ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ.

ಆಲದ ಮರದ ಹತ್ತಿರ ಬಂದ...

ದೀಪ ಹೊತ್ತಲಿಲ್ಲ.

ನಿಂತ. ಎರಡು ಹೆಜ್ಜೆ ಹಿಂದೆ ಹೋದ, ಮುಂದೆ ಬಂದ. ಕೈ ಬೀಸಿದ. ಏನೂ ಇಲ್ಲ. ಕ್ಯಾಮೆರಾ ಬೇರೆ ಕಡೆ ನೋಡುತ್ತಿತ್ತು. ಆ ಖುಷಿ ಕೇಳಬೇಡಿ! ಲಾಟರಿ ಹೊಡೆದವನ ಹಾಗೆ ಆ ಕತ್ತಲಲ್ಲಿ ಒಬ್ಬನೇ ಕುಣಿದ. "ಸಿಕ್ಕಿಬಿದ್ದೆಯಲ್ಲ ಮಗನೇ!" ಎಂದು ಗಟ್ಟಿಯಾಗಿಯೇ ಅಂದ.

ಆಗ ಹಿಂದಿನ ದೀಪ ಆರಿತು. ಅದರ ಹಿಂದಿನದು ಆರಿತು. ಬಂದ ದಾರಿಯುದ್ದಕ್ಕೂ ಒಂದೊಂದೇ... ಟಕ್. ಟಕ್. ಟಕ್.

ಕೆರೆಯ ಕಪ್ಪೆಗಳು ಸುಮ್ಮನಾದವು.

ಮೊದಲು ಬಂದದ್ದು ವಾಸನೆ. ಎಲೆ ಬೀಡಿಯ ಘಾಟು. ಆಮೇಲೆ ಸದ್ದು. 'ಟೊಕ್... ಟೊಕ್...' ಮರದ ಹಾವುಗೆ ಸಿಮೆಂಟಿನ ಮೇಲೆ ನಡೆಯುವ ಸದ್ದು. ಅಲ್ಲಿ ಸಿಮೆಂಟು ಎಲ್ಲಿತ್ತು? ಕಾಲ ಕೆಳಗೆ ಬರೀ ಒದ್ದೆ ಹುಲ್ಲು.

ಬೆನ್ನ ಹಿಂದೆ ನಿಂತಿತು.

"ಬೇಲಿ ಚೆನ್ನಾಗಿದೆ," ಎಂದಿತು ದನಿ. ಮುದುಕನ ದನಿ, ಪಿಸುಮಾತು. ಸಿಟ್ಟೇ ಇರಲಿಲ್ಲ ಅದರಲ್ಲಿ.

ಕೀ ಮೆಂಗ್ ತಿರುಗಲಿಲ್ಲ. ತಿರುಗಬಾರದೆಂದು ಅವನ ಅಜ್ಜಿ ಹೇಳಿದ್ದಳು.

"ಈ ನೆಲ ನಾನು ಕಾಯ್ತಿದ್ದೆ. ಈಗ ಕಣ್ಣು ಬಂದಿವೆ, ಕಂಬದ ಮೇಲೆ. ಚೆನ್ನಾಗಿವೆ. ರಾತ್ರಿಯೆಲ್ಲ ಕೂತು ಅವನ್ನೇ ನೋಡ್ತೀನಿ." ಬೀಡಿ ಎಳೆದ ಸದ್ದು. "ಹೊರಗಿಂದ ನೋಡ್ತೀನಿ. ನನ್ನನ್ನ ಹೊರಗೆ ಹಾಕಿದ್ದು ಯಾರಪ್ಪಾ?"

ಕೀ ಮೆಂಗನ ಬಾಯಿಗೆ ಹೆಸರು ಬಂತು. ಕಾದಿದ್ದ ಹಾಗೆ ಬಂತು.

"ಯಿಕ್ ಲೂನ್... ಅಜ್ಜಾ. ಗೆರೆ ಎಳೆದೋನು ಅವನೇ."

ಎಲೆಯಿಂದ ಒಂದು ಹನಿ ಬಿದ್ದಿತು, 'ತಪ್'.

"ಅವನು ಕೇಳಿದ," ಎಂದಿತು ದನಿ.

ಕೀ ಮೆಂಗ್ ಒಂದು ಹೆಜ್ಜೆ ಮುಂದೆ ಸರಿದ.

"ಕೇಳಿದಾಗ ನೀನೇನಂದೆ?"

ಕೀ ಮೆಂಗ್ ಕಣ್ಣು ಮುಚ್ಚಿಕೊಂಡ. "ಏನಾಗಲ್ಲ... ಅಂದೆ."

ಕಿವಿಯ ಪಕ್ಕದಲ್ಲೇ ಬಿಸಿ ಉಸಿರು ತಗಲಿತು. ಅಜ್ಜ ನಗುತ್ತಿದ್ದ, ಮೊಮ್ಮಗನ ಎದುರು ನಗುವ ಹಾಗೆ.

"ಹಂಗಾದ್ರೆ ಏನಾಗಲ್ಲ ಬಿಡು. ಒಬ್ನೇ ಕೂತು ಬೇಜಾರಾಗಿತ್ತು. ನೀನೂ ಹೊರಗೇ ಇರು."

ಟೊಕ್... ಟೊಕ್... ಟೊಕ್... ಸದ್ದು ಮರದ ಕಡೆ ಹೋಯಿತು. ಕಪ್ಪೆಗಳು ಮತ್ತೆ ಶುರು ಮಾಡಿದವು.

ಕೀ ಮೆಂಗ್ ಎದ್ದೆನೋ ಬಿದ್ದೆನೋ ಎಂದು ಗೇಟಿಗೆ ಓಡಿದ. ಓಡುವಾಗ ಒಂದು ದೀಪವೂ ಹೊತ್ತಲಿಲ್ಲ. ಗೇಟಿನ ಗಾಜಿನ ಗೂಡಿನಲ್ಲಿ ನೇಪಾಳದ ಕಾವಲುಗಾರ ದಿಲ್ ಬಹಾದುರ್ ಪರದೆ ನೋಡುತ್ತ ಕೂತಿದ್ದ. ಕೀ ಮೆಂಗ್ ಕ್ಯಾಮೆರಾದ ಎದುರೇ ನಿಂತು ಎರಡೂ ಕೈ ಬೀಸಿದ. ದಿಲ್ ಬಹಾದುರ್ ಆಕಳಿಸಿದ. ಕೊನೆಗೆ ಗಾಜಿಗೆ ಗುದ್ದಿದಾಗ ಅವನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದ.

"ಅಯ್ಯೋ ಸಾರ್, ಜೀವ ಹೋಯ್ತಲ್ಲ ನನ್ದು! ಎಲ್ಲಿಂದ ಬಂದ್ರಿ? ಪರದೆ ಮೇಲೆ ಯಾರೂ ಇಲ್ವಲ್ಲ!"

"ನೋಡು... ಸರಿಯಾಗಿ ನೋಡು."

ದಿಲ್ ಬಹಾದುರ್ ಪರದೆ ನೋಡಿದ. ಗಾಜಿನಾಚೆ ನಿಂತವನನ್ನು ನೋಡಿದ. ಮತ್ತೆ ಪರದೆ ನೋಡಿದ. ಮೆಲ್ಲಗೆ ಎದ್ದು ಗೇಟನ್ನು ಕೈಯಲ್ಲೇ ತಳ್ಳಿ ತೆಗೆದ. ಬೆಳಗಿನವರೆಗೂ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು.

ಮಾರನೆಯ ಸಂಜೆ ಪರೀಕ್ಷೆ. ಯಿಕ್ ಲೂನ್ ಮುಂದೆ ಮುಂದೆ ನಡೆದ. ದೀಪಗಳು ಅವನ ಹೆಜ್ಜೆಗೆ ಸರಿಯಾಗಿ ಹೊತ್ತಿದವು, ಮದುವೆಗಂಡಿಗೆ ಪಂಜು ಹಿಡಿದ ಹಾಗೆ. ಮರದ ಹತ್ತಿರವೂ ಹೊತ್ತಿತು. ಯಜಮಾನ ಅವನ ಬೆನ್ನು ತಟ್ಟಿದ. ಹಿಂದೆ ಉಳಿದ ಕೀ ಮೆಂಗ್ ಒಂದು ಹೆಜ್ಜೆ ಇಟ್ಟ. ಕತ್ತಲು. ಇನ್ನೊಂದು ಇಟ್ಟ. ಕತ್ತಲು.

ಅವನು ಯಿಕ್ ಲೂನನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಆ ಗುಡಿ ಒಳಗೆ ಬರ್ಬೇಕು ಕಣೋ. ಬೇಲಿ ಬಳಸ್ಕೊಂಡು ಹೋಗ್ಲಿ. ಅಜ್ಜನ್ನ ಕೇಳ್ಬೇಕಿತ್ತು. ನನಗೆ ಗೊತ್ತಿತ್ತು."

"ಮತ್ತೆ ಏನಾಗಲ್ಲ ಅಂದ್ರಲ್ಲಣ್ಣಾ?"

"ಅಂದೆ."

"ಯಾಕೆ?"

ಕೀ ಮೆಂಗ್ ನೆಲ ನೋಡಿದ. ಆ ಹುಡುಗನಿಗೆ ಅರ್ಥವಾಯಿತು. ಆದರೂ ಯಾರಿಗೂ ಹೇಳಲಿಲ್ಲ ನೋಡಿ, ಅದು ಇನ್ನೂ ಉರಿ! ತಾನೇ ವೀಳ್ಯದೆಲೆ, ಸಾಂಬ್ರಾಣಿ ತಂದು, ತನಗೆ ಬಾರದ ಪೂಜೆಯ ಮಾತಿನಲ್ಲಿ ತಪ್ಪಾಯಿತೆಂದು ಕೈಮುಗಿದು ಕಾಸು ಚಿಮ್ಮಿದ. ಒಂದು ಅಂಗಾತ, ಒಂದು ಬೋರಲು. ಮೊದಲ ಸಲಕ್ಕೇ. ನಕ್ಷೆ ತಿದ್ದಿ ಬೇಲಿಯನ್ನು ಮರದ ಸುತ್ತ ಬಳಸಿದ. ಅದು ಕೀ ಮೆಂಗ್ ಮೊದಲು ಬರೆದಿದ್ದ ಅದೇ ಹೊಟ್ಟೆ ಉಬ್ಬಿದ ಬೇಲಿ.

"ಆಹಾ, ದೊಡ್ಡವರನ್ನ ಗೌರವಿಸೋದು ಅಂದ್ರೆ ಇದು!" ಎಂದ ಯಜಮಾನ. ಕುರ್ಚಿಯೂ ಅವನಿಗೇ, ತೊಡೆಯೂ ಅವನಿಗೇ.

ಕೀ ಮೆಂಗ್ ಕೂಡ ಹೋಗಿ ಕೈಮುಗಿದ. ಹೋಗದೆ ಇರುತ್ತಾನೆಯೆ? ಎಷ್ಟೋ ಸಲ ಹೋದ. ಅವನು ಚಿಮ್ಮಿದ ಕಾಸು ಎರಡೂ ಬೋರಲೇ ಬೀಳುತ್ತವೆ.

ಆಸ್ಪತ್ರೆಯ ಗಾಜಿನ ಬಾಗಿಲು, ಬ್ಯಾಂಕಿನದು, ಅವನದೇ ಕಚೇರಿಯದು, ತಾನಾಗಿ ತೆರೆಯುವ ಯಾವ ಬಾಗಿಲೂ ಅಂದಿನಿಂದ ಅವನಿಗೆ ತೆರೆಯಲಿಲ್ಲ. ಬೆಳಿಗ್ಗೆ ಬೇಗ ಬಂದರೂ ಕಚೇರಿಯ ಹೊರಗೆ ಪತ್ರಿಕೆ ಓದುವವನ ಹಾಗೆ ನಿಂತಿರುತ್ತಿದ್ದ. ಯಿಕ್ ಲೂನ್ ಕಾರಿನಿಂದ ಇಳಿದು ಬರುತ್ತಿದ್ದ. ಬಾಗಿಲು ಸುಯ್ ಎಂದು ತೆರೆಯುತ್ತಿತ್ತು. "ಬನ್ನಿ ಅಣ್ಣಾ," ಎಂದು ನಗುತ್ತ ಒಳಗೆ ಹೋಗುತ್ತಿದ್ದ. ಕೀ ಮೆಂಗ್ ಅವನ ನೆರಳನ್ನೇ ತುಳಿದುಕೊಂಡು ಹಿಂದೆ ಹೋಗುತ್ತಿದ್ದ. ನಿವೃತ್ತಿಯಾಗುವ ತನಕ ಹೀಗೇ.

ನಗುತ್ತಿದ್ದೀರಿ. ನಾನೂ ನಕ್ಕಿದ್ದೆ, ಕೀ ಮೆಂಗ್ ಮುದುಕನಿಗೆ ಮರುಳು ಅಂತ. ಚೀನೀ ಹೊಸವರ್ಷದ ಹಬ್ಬಕ್ಕೆ ಮುಂಚೆ ಒಂದು ದಿನ ಅವನೂ ನಾನೂ ಪೇಟೆಗೆ ಹೋಗಿದ್ದೆವು. ಚಕ್ಕೋತ ಹಣ್ಣು ಕೊಂಡಿದ್ದೆವು, ಚೀಲ ಭಾರ. ಒಂದು ಹಿಡಿ ನನ್ನ ಕೈಯಲ್ಲಿ, ಇನ್ನೊಂದು ಹಿಡಿ ಅವನ ಕೈಯಲ್ಲಿ. ಬೇಳೆ ಬೇಕಿತ್ತು ನನಗೆ, ದೊಡ್ಡ ಅಂಗಡಿಗೆ ಹೋದೆವು. ನಾನು ಕಾಲಿಟ್ಟೆ, ಬಾಗಿಲು ತೆರೆಯಿತು, ಇಬ್ಬರೂ ಒಳಗೆ ಬಂದೆವು. ಬಾಗಿಲ ಮೇಲೆ ಒಂದು ಪರದೆ ಇತ್ತು, ಬರುವವರನ್ನು ತೋರಿಸುವುದು. ಸುಮ್ಮನೆ ಕತ್ತೆತ್ತಿ ನೋಡಿದೆ. ಕನ್ನಡಕ ಹಾಕಿದ್ದೆ, ಹಗಲು ಬೆಳಕಿತ್ತು, ನನ್ನ ಮೊಮ್ಮಗಳಾಣೆ.

ಪರದೆಯಲ್ಲಿ ನಾನೊಬ್ಬನೇ ಬರುತ್ತಿದ್ದೆ. ಚೀಲದ ಇನ್ನೊಂದು ಹಿಡಿ ಮಾತ್ರ ಜೋತುಬಿದ್ದಿರಲಿಲ್ಲ, ಯಾರೋ ಹಿಡಿದ ಹಾಗೆ ಗಾಳಿಯಲ್ಲಿ ನಿಂತಿತ್ತು.