ಬಾಲದ ಮೇಲಿನ ನಂಬರು

ಇದು ನಮ್ಮ ದೊಡ್ಡಮ್ಮನ ಮಗಳು ನಿಹಾರಿಕಾಗೆ ಆಗಿದ್ದು. ನೈರೋಬಿಯಲ್ಲಿ, ಎರಡು ಸಾವಿರದ ಹದಿನಾರರಲ್ಲಿ.

ಅವತ್ತು ವೆಸ್ಟ್‌ಲ್ಯಾಂಡ್ಸ್ ಆಫೀಸಿಂದ ಹೊರಡೋದೇ ತಡವಾಗಿತ್ತು. ಕಿಲೆಲೆಶ್ವಾದ ಅಪಾರ್ಟ್‌ಮೆಂಟಿನ ಗೇಟು ಕೆಟ್ಟು ಅರ್ಧಕ್ಕೇ ನಿಂತಿತ್ತು. ಟ್ಯಾಕ್ಸಿ ಒಳಗೆ ಹೋಗಲಿಲ್ಲ. ಇಳಿದು ನಡೆದಳು. ಗೇಟಿಗೂ ಮನೆಗೂ ನಡುವೆ ಒಂದು ಹಳೇ ಅತ್ತಿಮರ... ಕೆಳಗೆ ದೀಪ ಇಲ್ಲ.

ತಲೆ ತುಂಬ ವಿಮಾನ. ಅವಳಿಗೊಂದು ಹುಚ್ಚು. ಯುದ್ಧದಲ್ಲಿ ಬಿದ್ದ ಜರ್ಮನ್ ವಿಮಾನಗಳ ಹಳೇ ಫೋಟೋ ನೋಡಿ, ರೆಕ್ಕೆ, ಬಾಲ, ಅರ್ಧ ಅಳಿಸಿದ ನಂಬರು ಹಿಡಿದು, ಇದು ಇಂಥದೇ ವಿಮಾನ, ಓಡಿಸಿದವನು ಇಂಥವನು ಅಂತ ಪತ್ತೆ ಮಾಡೋದು. ಮೇಲಿನ ಮನೆಯ ಕೌಸ್ತುಭ್‌ಗೂ ಅದೇ ಹುಚ್ಚು. ಆ ವಾರವೆಲ್ಲ ಇಬ್ಬರಿಗೂ ಜಗಳ. ನೈರೋಬಿಯದೇ ರುಂಡಾ ಬಡಾವಣೆಯ ಹಳೇ ಬಂಗಲೆಯೊಂದರಲ್ಲಿ ಸಿಕ್ಕ ಫೋಟೋ, ಲಿಬಿಯಾದ ಮರಳಲ್ಲಿ ಬಿದ್ದ ವಿಮಾನ. ಬಾಲದ ಕೊನೇ ಅಂಕಿ ಎಂಟು ಅಂತ ಇವಳು, ಮೂರು ಅಂತ ಅವನು. ಎಂಟಾದರೆ, ಆ ಪೈಲಟ್‌ನ ತಂಗಿ ಜರ್ಮನಿಯಲ್ಲಿ ಇನ್ನೂ ಇದ್ದಾಳೆ. ತೊಂಬತ್ತು ದಾಟಿದ ಮುದುಕಿ, ಅಣ್ಣನ ಸುಳಿವಿಗೆ ಕಾಯ್ತಿದ್ದಾಳೆ. ಅವಳ ಮೊಮ್ಮಗ ನಿಹಾರಿಕಾಗೆ ಬರೆದಿದ್ದ. ‘ನಿಮ್ಮವರದೇ’ ಅಂತ ಅವತ್ತು ರಾತ್ರಿ ಉತ್ತರ ಕಳಿಸೋಳಿದ್ದಳು. ಕೌಸ್ತುಭ್‌ಗೆ ಈ ತಂಗಿ ವಿಷಯ ಹೇಳಿರಲಿಲ್ಲ.

ಮರದ ಕೆಳಗೆ ಬಂದಾಗ... ಟಪ್. ತರಗೆಲೆ ಮೇಲೆ ನೀರು ಬಿದ್ದ ಸದ್ದು. ಟಪ್... ಟಪ್. ಮಳೆ ಬಂದು ತಿಂಗಳಾಗಿತ್ತು.

"ಅದು ನನ್ನದಲ್ಲ..."

ಪಿಸುಮಾತು. ಇಂಗ್ಲಿಷೇ, ಆದರೆ ಅಲ್ಲಿಯವರ ಇಂಗ್ಲಿಷ್ ಅಲ್ಲ. ಕಾಂಡಕ್ಕೆ ಒರಗಿ ಒಬ್ಬ ನಿಂತಿದ್ದ. ಮುಖ ಕಾಣಲಿಲ್ಲ.

"ಯಾವುದು?"

"ಮರಳಲ್ಲಿರೋ ವಿಮಾನ. ತಂಗಿಗೆ ಹಾಗೆ ಹೇಳಬೇಡಿ... ನಾನು ಬಿದ್ದಿದ್ದು ಸಮುದ್ರಕ್ಕೆ."

ಹೆದರಿಕೆಗಿಂತ ಮೊದಲು ಅವಳಿಗೆ ಅನುಮಾನ ಬಂತು.

"ಕೌಸ್ತುಭ್ ಕಳಿಸಿದರಾ ನಿಮ್ಮನ್ನ?"

ಫೋನಿನ ಟಾರ್ಚ್ ಹಾಕಿದಳು... ಬರೀ ಕಾಂಡ.

ಗೇಟಿಗೆ ವಾಪಸ್ ಓಡಿದಳು. ಯಾರಾದರೂ ಒಳಗೆ ಬಂದರಾ ಅಂತ ವಾಚ್‌ಮನ್‌ನ ಕೇಳಿದಳು. "ಹಪಾನಾ, ಮದಾಮ್," ಯಾರೂ ಇಲ್ಲ ಅಂತ ತಲೆಯಾಡಿಸಿದ. ಇವನೂ ಸೇರಿಕೊಂಡಿದ್ದಾನೆ ಅನ್ನಿಸಿತು. ಆದರೂ ಮರ ದಾಟೋವರೆಗೆ ಅವನನ್ನೇ ಜೊತೆಗೆ ಕರಕೊಂಡಳು. ಸೀದಾ ಹೋಗಿ ಕೌಸ್ತುಭ್ ಮನೆ ಬಾಗಿಲು ಬಡಿದಳು.

"ನನ್ನ ಮೇಲ್ ಓದ್ತಿದ್ದೀರಾ ನೀವು? ತಂಗಿ ವಿಷಯ ಆ ಮನುಷ್ಯನಿಗೆ ಹೇಗೆ ಗೊತ್ತು?"

ಕೌಸ್ತುಭ್ ಕಣ್ಣುಜ್ಜಿಕೊಂಡ. "ಯಾರ ತಂಗಿ?"

ಸುಳ್ಳು ಹೇಳೋ ಮುಖ ಅಲ್ಲ ಅದು... ಮರದ ಕೆಳಗೆ ಆಗಿದ್ದನ್ನೆಲ್ಲ ಹೇಳಿಬಿಟ್ಟಳು.

ಇಬ್ಬರೂ ಫೋಟೋ ದೊಡ್ಡದು ಮಾಡಿ ನೋಡಿದರು. ಎಂಟರ ಎಡಗಡೆ ಗೆರೆ ಬಣ್ಣದ್ದಲ್ಲ. ಫೋಟೋ ಕಾಗದ ಮಡಚಿ ಆದ ಗೆರೆ. ಅಂಕಿ ಮೂರೇ.

ಮೊಮ್ಮಗನಿಗೆ ಅವಳು ಬರೆದಿದ್ದು ಇಷ್ಟೇ: ಕ್ಷಮಿಸಿ, ಇದು ನಿಮ್ಮ ಅಜ್ಜಿಯ ಅಣ್ಣನ ವಿಮಾನ ಅಲ್ಲ. ಮರದ ವಿಷಯ ಬರೆಯಲಿಲ್ಲ. ಏನಂತ ಬರೀತಾಳೆ?

ಮಾರನೇ ದಿನ ಕೌಸ್ತುಭ್ ಕಾಫಿಗೆ ಬಂದು ಕೂತಿದ್ದಾಗ ಜರ್ಮನಿಯಿಂದ ಫೋನ್ ಬಂತು. ಮೊಮ್ಮಗ ಥ್ಯಾಂಕ್ಸ್ ಹೇಳಿದ.

"ಅಜ್ಜಿ ಒಂದು ಮಾತು ಕೇಳು ಅಂತಿದ್ದಾರೆ. ಯಾಕೋ, ನನಗೂ ಗೊತ್ತಿಲ್ಲ."

"ಹೇಳಿ."

"ಅಣ್ಣ ತುಂಬ ಸೊರಗಿದ್ದಾನಾ... ಅಂತ."

ಫೋನ್ ಸ್ಪೀಕರಲ್ಲಿತ್ತು. ಕೌಸ್ತುಭ್ ಈಗ ಬೆಂಗಳೂರಲ್ಲೇ ಇದ್ದಾನೆ, ಬೇಕಾದರೆ ಹೋಗಿ ಕೇಳಿ.