ಸಾಹುಕಾರನ ದೀಡ ನಮಸ್ಕಾರ

ಇಪ್ಪತ್ತನಾಲ್ಕು ವರ್ಷದ ಹಿಂದೆ ಒಬ್ಬ ಸಾಹುಕಾರ ದೇವರಿಗೆ ಮಾತು ಕೊಟ್ಟ. ಯಾವ ಊರು ಅಂತ ಕೇಳಬೇಡಿ. ಆ ಊರಿನವರು ಇಲ್ಲೇ ಪ್ರವಚನ ಕೇಳುತ್ತ ಕೂತಿದ್ದಾರೆ. ಮೂರು ವರ್ಷದ ಮಗಳು ಜ್ವರದಲ್ಲಿ ಕಣ್ಣೇ ಬಿಡುತ್ತಿರಲಿಲ್ಲ. "ಕೂಸ ಉಳಿದ್ರ ನಮ್ಮ ಹೊಸ್ತಿಲದಿಂದ ನಿನ್ನ ಹೊಸ್ತಿಲದತನಾ ನಾನ ದೀಡ ನಮಸ್ಕಾರ ಹಾಕ್ತೀನಪಾ" ಅಂದ. ಗೊತ್ತಲ್ಲ? ಉದ್ದಕ್ಕೆ ಮಲಗಬೇಕು, ಕೈ ಚಾಚಿ ಗೆರೆ ಎಳೆಯಬೇಕು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು.

ಕೂಸು ಉಳಿಯಿತು. ಹರಕೆ ಮುಂದೆ ಮುಂದೆ ಹೋಯಿತು. ಈ ವರ್ಷ ಸುಗ್ಗಿ, ಮುಂದಿನ ವರ್ಷ ಮನೆ ಕಟ್ಟುವುದು, ಆಮೇಲೆ ಮಂಡಿನೋವು. ದೇವರು ಕಾದ. ದೇವರಿಗೇನು, ಬೇರೆ ಕೆಲಸ ಇದೆಯೇ?

ಮಗಳಿಗೆ ಗಂಡು ಗೊತ್ತಾಯಿತು. ಆಗ ಹೆಂಡತಿ ಸೆರಗು ಸಿಕ್ಕಿಸಿ ನಿಂತಳು. "ಹರಕಿ ತೀರೂತನಾ ಲಗ್ನದ ತಾರೀಖು ತಗಸಾಕ ಬಿಡೂದಿಲ್ರಿ."

ಸಾಹುಕಾರ ಅಂಗಳದಲ್ಲಿ ಮಲಗಿ ನೋಡಿದ. ಮಲಗುವುದು ಬಂತು. ಏಳುವುದು ಬರಲಿಲ್ಲ. ಇಬ್ಬರು ಸೇರಿ ಮೂಟೆಯ ಹಾಗೆ ಎತ್ತಿದರು.

ಈಗ ಬುದ್ಧಿವಂತಿಕೆ ನೋಡಿ! ಗರಡಿಮನೆಯ ಮುದಿ ಪೈಲ್ವಾನನನ್ನು ಕರೆಸಿದ.

"ನನ್ನ ಹೆಸರಲೆ ನೀ ನಮಸ್ಕಾರ ಹಾಕಪಾ. ನಿನಗ ಹೊಸಾ ಧೋತರ, ಹೊಟ್ಟಿ ತುಂಬ ಹೋಳಿಗಿ."

"ಆಗಲ್ರಿ ಸಾಹುಕಾರ್ರ. ಹಂಗ ನಾಳೆ ಮುಂಜಾನೆ ಚರಿಗಿ ತಗೊಂಡು ನಿಮ್ಮ ಬದ್ಲಿ ನಾನ ಬಯಲಕಡಿಗೆ ಹೋಗಿ ಬರ್ಲೇನ್ರಿ?"

ಬಾಗಿಲ ಹಿಂದೆ ಹೆಂಡತಿ ನಕ್ಕಳು.

"ನನಗ ಅರವತ್ತೊಂದ ಆತೋ. ಈ ವಯಸ್ಸಿನಾಗ ಕುಸ್ತಿ ಕಲೀಲೇನು?"

"ಕುಸ್ತಿ ಯಾರಿಗೆ ಬೇಕ್ರಿ? ಕೈ ಊರಲಾರದ ಕುರ್ಚಿ ಮ್ಯಾಲಿಂದ ಹತ್ತ ಸಲ ಏಳ್ರಿ. ಗ್ವಾಡಿಗೆ ಅಂಗೈ ಹಚ್ಚಿ ಹತ್ತ ಸಲ ನೂಕ್ರಿ. ನೀರಿನ ತಂಬಿಗಿ ಹಿಡದು ಹತ್ತ ಸಲ ಎತ್ರಿ. ವಾರಕ್ಕ ಮೂರ ದಿನ. ನಡುವ ಒಂದೊಂದ ದಿನ ಸುಮ್ಕಿರ್ರಿ."

ಹತ್ತೇ? ಸಾಹುಕಾರನಿಗೆ ಅವಮಾನವಾಯಿತು. ಮೊದಲ ದಿನವೇ ನೂರೆಂಟು ಸಲ ಕೂತು ಎದ್ದ. ನಮಗೆ ಎಲ್ಲದಕ್ಕೂ ನೂರೆಂಟೇ ಆಗಬೇಕು ನೋಡಿ! ಮರುದಿನ ಪಾಯಖಾನೆಯಲ್ಲಿ ಕೂತವನು ಏಳಲಾರದೆ ಹೆಂಡತಿಯನ್ನು ಕೂಗಿದ.

"ದೇವರನ್ನ ಕರೀರಿ," ಅಂದಳು ಆಕೆ. "ಇಪ್ಪತ್ನಾಕ ವರ್ಷದ ಪರಿಚಯ ಐತೆಲ್ಲ."

ನೋವು ಇಳಿದ ಮೇಲೆ ಐದರಿಂದ ಶುರು ಮಾಡಿದ. ಐದು ಹತ್ತಾಯಿತು. ತಂಬಿಗೆ ಹೋಗಿ ಕೊಡ ಬಂತು. ಹೀಗೆ ನಾಲ್ಕು ತಿಂಗಳು.

ನಗುತ್ತಿದ್ದೀರಿ. ನಗಿ, ನಗಿ. ಮಂಗಳಾರತಿಗೆ ಏಳಿ ಅಂದಾಗ ಪಕ್ಕದವರ ಹೆಗಲು ಜಗ್ಗುವವರು ಯಾರು? 'ಶಕ್ತಿ ಕೊಡಪ್ಪಾ' ಅನ್ನುತ್ತೀರಿ. ತೊಡೆ ಕೊಟ್ಟಿದ್ದಾನೆ, ತೋಳು ಕೊಟ್ಟಿದ್ದಾನೆ. ಇನ್ನು ಬಂದು ನಿಮ್ಮ ಬಸ್ಕಿಯನ್ನೂ ಅವನೇ ಹೊಡೆಯಬೇಕೇ? ವಯಸ್ಸಾಯಿತು ಅನ್ನುತ್ತೀರಿ. ಆದದ್ದಕ್ಕೇ ಹೇಳುತ್ತಿರುವುದು! ನಾಳೆ ಚಹಾಕ್ಕೆ ಮೊದಲು ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಐದೇ ಸಲ ಕೂತು ಏಳಿ. ನಾಡಿದ್ದು ಬಿಡಿ. ಆಚೆ ನಾಡಿದ್ದು ಮತ್ತೆ ಏಳಿ. ಎದೆಯ ಕಾಯಿಲೆಯವರು ಡಾಕ್ಟರನ್ನು ಕೇಳಿ ಮಾಡಿ. ನನ್ನನ್ನು ಕೇಳಬೇಡಿ, ನನಗೆ ಗೊತ್ತಿರುವುದು ಮಾತಾಡುವುದೊಂದೇ.

ಸಾಹುಕಾರನದೇನಾಯಿತು? ಒಂದು ಸೋಮವಾರ ತನ್ನ ಮನೆಯ ಹೊಸ್ತಿಲಲ್ಲಿ ಮಲಗಿದ. ಎದ್ದ. ಮಲಗಿದ, ಎದ್ದ. ಯಾರೂ ಎತ್ತಲಿಲ್ಲ. ಮಗಳು ಪಕ್ಕದಲ್ಲಿ ನಡೆದಳು. ಗುಡಿ ಮುಟ್ಟುವ ಹೊತ್ತಿಗೆ ಪೂಜಾರಿ ಬಾಗಿಲು ಹಾಕಿ ಊಟಕ್ಕೆ ಹೋಗಿದ್ದ. ಹೊಸ್ತಿಲು ಎಲ್ಲಿ ಹೋಗುತ್ತದೆ? ಹರಕೆ ತೀರಿತು.