ಖಾಲಿ ಕಿಸೆಗೆ ಇಳಿಬಿಟ್ಟ ವಾಯರ್

ಹೇಮಂತ ತಂದೆ ರಾಘಣ್ಣ ಜಾಲಿಹಾಳ, ವಯಸ್ಸು 36, ಬಿ.ಎಸ್ಸಿ. ಪಾಸಾಗಿ ಗಡಿಯಾರ, ರೇಡಿಯೊ ರಿಪೇರಿ ಮಾಡುವವನು, ಸಾ॥ ರೋಣ. ಯಾರೂ ಕರೆಸದೆ ಠಾಣೆಗೆ ನಾನಾಗಿ ಬಂದು ಬರೆಸುವುದೇನೆಂದರೆ:

ಬಸ್ ನಿಲ್ದಾಣದ ಎದುರು ನನ್ನ ಅಂಗಡಿ ಇದೆ. ಗಾದಿ ಹೊಲಿಯುವ ಮದರಸಾಬ ನದಾಫ, ವಯಸ್ಸು 66, ಇವರನ್ನು ಬಹಳ ದಿನದಿಂದ ಬಲ್ಲೆ. ಅವರಿಗೆ ಎರಡೂ ಕಿವಿ ಮಂದ. ಬೆಂಕಿಪೊಟ್ಟಣದಷ್ಟಿರುವ ಕಿವಿಯಂತ್ರವನ್ನು ಅಂಗಿಯ ಕಿಸೆಯಲ್ಲಿಟ್ಟು, ಅದರ ವಾಯರನ್ನು ಕಿವಿಗೆ ಸಿಗಿಸಿಕೊಳ್ಳುತ್ತಿದ್ದರು.

ಇಂದು ಬೆಳಿಗ್ಗೆ 10-30ಕ್ಕೆ ಬಂದು, ಮಶೀನ್ ಬರೇ ಕರಕರ ಅಂತೈತಿ, ಒಳಗ ಯಾರೋ ಚುರುಮುರಿ ತಿನ್ನಾಕತ್ತಾರ ಅಂದರು. ಹೊರಗಿನವ್ರು ನಿಮ್ಮ ತಲಿ ತಿನ್ನೂದು ಸಾಲದಾತೇನ್ರಿ ಚಾಚಾ ಎಂದು ನಾನು ಅವರ ಕಿವಿಗೆ ಬಾಯಿಟ್ಟು ಚೇಷ್ಟೆ ಮಾಡಿದೆ.

ಡಬ್ಬಿಯ ಹಿಂದೆ ಸಾಸಿವೆಕಾಳಿನಷ್ಟು ಎರಡು ಸ್ಕ್ರೂ. ಒಂದು ಬಿಚ್ಚಿತು. ಇನ್ನೊಂದು ಬೆವರಿಗೆ ತುಕ್ಕು ಹಿಡಿದು ಕೂತಿತ್ತು. ಮನೆಯಲ್ಲಿ ಯಾರೋ ಚಾಕುವಿನ ತುದಿಯಿಂದ ತಿರುವಿ ಅದರ ತಲೆಯ ಗೀರು ಸವೆಸಿದ್ದರು. ಜೋರು ಮಾಡಿದರೆ ಒಳಗಿನ ಕೂದಲೆಳೆಯಂಥ ತಂತಿ ಹರಿಯುತ್ತದೆ. ಒಂದು ಹನಿ ಎಣ್ಣೆ ಬಿಟ್ಟು, ಸಂಜೀತನಕ ನೆನೀಲಿ, ಇಟ್ಟು ಹೋಗ್ರಿ, ಸಂಜಿಗೆ ಕೊಡತೀನಿ ಎಂದೆ.

ಅವರು ಒಪ್ಪಲಿಲ್ಲ. ಮಶೀನ್ ಇಲ್ಲಂದ್ರ ಮಂದಿ ಮುಖದ ಮುಂದೇ ಕೆಪ್ಪ ಅಂತ ಆಡತಾರ, ತುಟಿ ನೋಡಿದ್ರ ನನಗ ತಿಳೀತೈತಿ ಎಂದರು. ಆಗ ನಾನು, ಡಬ್ಬಿ ನನ್ನ ಹತ್ರ ಇರ್ಲಿ, ವಾಯರ್ ಅಷ್ಟ ಹಾಕ್ಕೊಂಡು ಹೋಗ್ರಿ, ಆಡೋರಿಗೆ ಹ್ಯಾಂಗ ಗೊತ್ತಾಕೈತಿ ಎಂದು ವಾಯರಿನ ಒಂದು ತುದಿಯನ್ನು ಅವರ ಕಿವಿಗೆ ಸಿಗಿಸಿ ಇನ್ನೊಂದನ್ನು ಖಾಲಿ ಕಿಸೆಗೆ ಇಳಿಬಿಟ್ಟೆ. ಅವರು ಕನ್ನಡಿ ಕೇಳಿ ನೋಡಿಕೊಂಡರು. ನೀ ಭಾಳ ಕಿಲಾಡಿ ಅದಿ ಎಂದು ಬೆನ್ನು ತಟ್ಟಿ, ನಗುತ್ತ ಇಳಿದರು.

11-05ಕ್ಕೆ ಅಂಗಡಿಯಿಂದ 60 ಅಡಿ ದೂರದಲ್ಲಿ ರಸ್ತೆ ದಾಟುತ್ತಿದ್ದರು. ಗಜೇಂದ್ರಗಡದ ಕಡೆಯಿಂದ ಕಡಲೆ ಚೀಲ ಹೇರಿದ ಟ್ರ್ಯಾಕ್ಟರ್ ಬಂತು. ಅಸೂಟಿಯ ಶಿವನಪ್ಪ ಹೊಡೆಯುತ್ತಿದ್ದ. ಅವನು ಮೂರು ಸಲ ಹಾರ್ನ್ ಹಾಕಿದ್ದನ್ನು ಕೇಳಿದೆ. ಮೂರನೆಯದು ಉದ್ದನೆಯದು. ನಾನೂ ಕೂಗಿದೆ. ಕೂಗಿ ಉಪಯೋಗವಿಲ್ಲವೆಂಬುದು ಕೂಗಿದ ಮೇಲೆ ಹೊಳೆಯಿತು. ಟ್ರೇಲರಿನ ಗಾಲಿ ಎದೆಯ ಮೇಲೆ ಹಾಯ್ದು ಸ್ಥಳದಲ್ಲೇ ತೀರಿಕೊಂಡರು. ವಾಯರ್ ಕಿವಿಯಲ್ಲೇ ಇತ್ತು.

ಸೇರಿದ ಮಂದಿ ಶಿವನಪ್ಪನನ್ನು ಕೆಳಗೆಳೆದು ಹೊಡೆದರು. ಕಿವ್ಯಾಗ ಮಶೀನ್ ಐತಿ, ಕೇಳಸ್ತೈತಿ, ಸರೀತಾರ ಅಂತ ತಿಳಕೊಂಡು ಬ್ರೇಕ್ ತಡಾ ಹಾಕಿದ್ನಿ ಎಂದು ಅವನು ಅಳುತ್ತಿದ್ದ. ನಾನು ಗುಂಪಿನಿಂದ ಹಿಂದೆ ಸರಿದು ಅಂಗಡಿಗೆ ಬಂದು ಕೂತೆ.

ಮೃತರ ಹೆಂಡತಿ ಬಾನುಬಿಯವರು, ಕಿವ್ಯಾಗ ಮಶೀನ್ ಇತ್ತು, ಹಾರ್ನ್ ಹಾಕಿದ್ರ ಸರೀತಿದ್ರು, ಅಂವ ಹಾಕೇ ಇಲ್ಲ ಎಂದು ಫಿರ್ಯಾದು ಕೊಟ್ಟಿದ್ದರಿಂದ ಶಿವನಪ್ಪ ಲಾಕಪ್ಪಿನಲ್ಲಿದ್ದಾನೆಂದು ತಿಳಿಯಿತು. ಅವನು ಹಾರ್ನ್ ಹಾಕಿದ್ದು ಖರೆ. ಮೃತರನ್ನು ಕಿವಿ ಇಲ್ಲದೆ, ಇದ್ದವರಂತೆ ಕಾಣಿಸಿ ರಸ್ತೆಗೆ ಕಳಿಸಿದವನು ನಾನು.

ಸಂಜೆ 5ಕ್ಕೆ ಸದರಿ ಸ್ಕ್ರೂ ಅರ್ಧ ತಿರುವಿಗೇ ಬಂದಿತು. ಒಳಗೆ ಬಿಟ್ಟುಹೋಗಿದ್ದ ತಂತಿಗೆ ಬೆಸುಗೆ ಹಾಕಿದೆ. ಸತ್ತ ಮೇಲೆ ಯಾಕೆ ಹಾಕಿದೆ ಎಂದು ಸಾಹೇಬರು ಕೇಳಿದರು. ಸಂಜೆಗೆ ಕೊಡುತ್ತೇನೆ ಎಂದಿದ್ದೆ.

ಡಬ್ಬಿ ಮತ್ತು ಸ್ಕ್ರೂ ಹಾಜರುಪಡಿಸಿದ್ದೇನೆ. ಡಬ್ಬಿ ಚಾಲೂ ಇದೆಯೋ ನೋಡಲು ಸಾಹೇಬರು ಮೃತರ ವಾಯರ್ ತರಿಸಿದರು. ಕಿವಿಗೆ ಹಾಕಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ನಾನು ಹಾಕಿಕೊಂಡೆ. ಹೊರಗೆ ಕಟ್ಟೆಯ ಮೇಲೆ ಬಾನುಬಿಯವರು ಸೆರಗನ್ನು ಬಾಯಿಗೆ ಒತ್ತಿ ಕೂತಿದ್ದರು. ಕೋಣೆಯಲ್ಲಿದ್ದ ಬೇರೆ ಯಾರಿಗೂ ಏನೂ ಕೇಳಿಸಲಿಲ್ಲ. ನನಗೆ ಕೇಳಿಸಿತು. ಯಂತ್ರ ಸರಿಯಾಗಿ ನಡೆಯುತ್ತಿದೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಸುಳ್ಳು ಬೆರೆಸಿಲ್ಲ.

ಸ್ಥಳ: ರೋಣ
ದಿನಾಂಕ: 11-3-2004, ಸಂಜೆ 6-40
(ಸಹಿ) ಹೇಮಂತ ರಾ. ಜಾಲಿಹಾಳ